ಬಾವಿ ಬೀದಿಯ ಆರು ಮನೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಮೀಕ್ಷಾ ಕಚೇರಿಯ ಮೂರನೇ ಮಹಡಿಯಲ್ಲಿ ಒಂದೇ ಒಂದು ಕಿಟಕಿಗೆ ದೀಪವಿದೆ. ಒಳಗೆ ನಡುವಯಸ್ಸಿನ ಹೆಂಗಸೊಬ್ಬರು ಸ್ಕೇಲು ಹಿಡಿದು ಹಾಳೆಯ ಮೇಲೆ ಚೌಕ ಎಳೆಯುತ್ತಿದ್ದಾರೆ. ಕಂಪ್ಯೂಟರ್ ಪಕ್ಕದಲ್ಲೇ ಇದ್ದರೂ ಮೊದಲು ಕೈಲೆಕ್ಕವೇ ಆಗಬೇಕು. ಅದಕ್ಕೇ ಸಹೋದ್ಯೋಗಿಗಳು ಇಟ್ಟ ಹೆಸರು ಚೌಕದಕ್ಕ. ಎಂಟು ಗಂಟೆಗೆ ತಮ್ಮನನ್ನು ಡಯಾಲಿಸಿಸ್‌ಗೆ ಕರೆದೊಯ್ಯಬೇಕಾದ್ದರಿಂದ ಇಷ್ಟು ಬೇಗ ಕೆಲಸಕ್ಕೆ ಕೂರುತ್ತಾರೆ.

ಮನೆಮನೆಯಿಂದ ಬಂದ ಉತ್ತರಗಳಲ್ಲಿ ಯಾವುದಕ್ಕೆ ಯಾವುದರ ನಂಟಿದೆ ಎಂದು ನೋಡುವುದು ಅವರ ಕೆಲಸ. ಇಪ್ಪತ್ತು ವರ್ಷದಿಂದ ಅದನ್ನೇ ಮಾಡುತ್ತಿದ್ದಾರೆ. ಯಾವ ವರದಿಯಲ್ಲೂ ಅವರ ಹೆಸರಿಲ್ಲ. "ನೀರಿಗೂ ಕಾಯಿಲೆಗೂ ಸಂಬಂಧವೇ ಇಲ್ಲ ಅಂತ ಮೊದಲು ಇಟ್ಕೊಳ್ಳೋದು. ಹಾಗಿದ್ರೆ 'ಈ ನೀರು, ಕಾಯಿಲೆ ಇದೆ', 'ಈ ನೀರು, ಕಾಯಿಲೆ ಇಲ್ಲ' ಅನ್ನೋ ಒಂದೊಂದು ಚೌಕದಲ್ಲಿ ಎಷ್ಟು ಮನೆ ಬೀಳ್ಬೇಕಿತ್ತು, ನಿಜವಾಗಿ ಎಷ್ಟು ಬಿತ್ತು ಅಂತ ನೋಡೋದು. ಎರಡಕ್ಕೂ ಅಂತರ ಸ್ವಲ್ಪವೇ ಇದ್ರೆ ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ಅಂತ ಸುಮ್ನಾಗೋದು. ತುಂಬಾ ಇದ್ರೆ, ಏನೋ ಇದೆ," ಎನ್ನುತ್ತಾರೆ.

ಕಳೆದ ವರ್ಷದ ಸಮೀಕ್ಷೆ ಕುಡಿಯುವ ನೀರಿನದು. ಬಾವಿ ನೀರು ಕುಡಿಯುವುದು ಒಂದೇ ಬೀದಿ, ಚೌಕದಕ್ಕ ಹುಟ್ಟಿ ಬೆಳೆದ ಬೀದಿ. ಹತ್ತು ಮನೆಗೊಂದರಂತೆ ಎಣಿಸಿ ಊರಲ್ಲಿ ನಾನೂರು ಮನೆ ಕೇಳಿದರು. ಆ ಬೀದಿಯಲ್ಲಿ ಸಿಕ್ಕಿದ್ದು ಆರು. ಆರರಲ್ಲಿ ಎರಡು ಮನೆಯಲ್ಲಿ ಮೂತ್ರಪಿಂಡದ ಕಾಯಿಲೆ. ಉಳಿದ ಊರಿನಲ್ಲಿ ನೂರಕ್ಕೆ ಎಂಟು ಮನೆಯಲ್ಲೂ ಇಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತದೆ ಬೀದಿ. ಕಚೇರಿಗೆ ಕನ್ನಡಿಯೇ ಬೇಕು.

ಆರು ಮನೆಯ ಚೌಕಕ್ಕೆ ಮಾಮೂಲಿ ಲೆಕ್ಕ ಒಗ್ಗುವುದಿಲ್ಲ. ಸಣ್ಣ ಸಂಖ್ಯೆಗೆಂದೇ ಇರುವ ಬೇರೆ ಲೆಕ್ಕ ಹಾಕಿದರು. ಹೀಗೆ ಬರೀ ಆಕಸ್ಮಿಕವಾಗಿ ಆಗುವ ಸಂಭವ ನೂರಕ್ಕೆ ಎಂಟು ಎಂದು ಬಂತು. ಐದಕ್ಕಿಂತ ಕಡಿಮೆ ಬಂದರಷ್ಟೇ ನಂಟಿದೆ ಎಂದು ಕಚೇರಿ ನಂಬುತ್ತದೆ. ಕಾಯಿಲೆಯ ಮನೆ ಇನ್ನೊಂದು ಸಿಕ್ಕಿದ್ದರೆ ಸಾಕಿತ್ತು. ತಮ್ಮನ ಮನೆ ಅಲ್ಲೇ ಇದೆ.

"ಎಣಿಕೆ ನಮ್ಮ ಗೋಡೆವರೆಗೂ ಬಂದು ಪಕ್ಕದ ಬಾಗ್ಲಿಗೆ ಬಿತ್ತು. ಅವ್ರೆಲ್ಲ ಗುಂಡುಕಲ್ಲಿನ ಹಾಗಿದ್ದಾರೆ, ಚೆನ್ನಾಗಿರ್ಲಿ. ಆ ಮನೆ ಹಾಳೆ ನನ್ನ ಕೈಲೇ ಇತ್ತು. 'ಇಲ್ಲ' ಅಂತಿದ್ದಿದ್ದನ್ನ 'ಇದೆ' ಅಂತ ಮಾಡಿದ್ರೆ ಮುಗೀತಿತ್ತು. ಕೈ ಬರ್ಲಿಲ್ಲ. ಮಾಡ್ಬೇಕಿತ್ತೋ ಏನೋ, ಈಗ್ಲೂ ಗೊತ್ತಾಗ್ತಿಲ್ಲ."

ಮನೆಗಳು ಸಾಲವು, ಇಡೀ ಬೀದಿಯನ್ನು ಮತ್ತೆ ಕೇಳಬೇಕು ಎಂದು ಅವರು ಬರೆದುಕೊಟ್ಟರು. ವರದಿಯಲ್ಲಿ ಅಚ್ಚಾಗಿದ್ದು 'ಸಂಬಂಧ ಕಂಡುಬಂದಿಲ್ಲ' ಎಂಬ ಒಂದು ಸಾಲು. ನೀರಿನ ಇಲಾಖೆ ಅದನ್ನು ಬಾವಿ ಚೆನ್ನಾಗಿದೆ ಎಂದು ಓದಿಕೊಂಡಿತು. ಬೀದಿಗೆ ಬರಬೇಕಿದ್ದ ಪೈಪು ಬೇರೆ ಬಡಾವಣೆಗೆ ಹೋಯಿತು. ಬೀದಿ ಇವತ್ತಿಗೂ ಅದೇ ನೀರು ಸೇದುತ್ತದೆ.

ಅವರು ಸಂಜೆ ಕಚೇರಿಯ ನಲ್ಲಿಯಿಂದ ಎರಡು ಕ್ಯಾನು ತುಂಬಿಕೊಂಡು ತಮ್ಮನ ಮಕ್ಕಳಿಗೆ ಒಯ್ಯುತ್ತಾರೆ. ತಮ್ಮನ ಹೆಂಡತಿ ಇಸಿದುಕೊಳ್ಳುತ್ತಾಳೆ, ಆದರೆ ಮುಖ ಕೊಟ್ಟು ಮಾತಾಡುವುದಿಲ್ಲ. ಒಮ್ಮೆ ಮಾತ್ರ ಕೇಳಿದ್ದಳು: "ನೀರಲ್ಲಿ ಏನೂ ಇಲ್ಲ ಅಂತ ಲೆಕ್ಕ ಹಾಕಿದ್ದು ನೀವೇ ಅಲ್ವಾ ಅಕ್ಕಾ? ಮತ್ತೆ ಈ ಕ್ಯಾನು ಯಾಕೆ?" ಆ ಮಾತು ನೆನೆದಾಗ ಈಗಲೂ ಅವರ ಕಣ್ಣು ತುಂಬುತ್ತದೆ.

ಎಂಟೂವರೆ ಗಂಟೆ. ಆಸ್ಪತ್ರೆಯಲ್ಲಿ ತಮ್ಮ ಯಂತ್ರದ ಪಕ್ಕ ಕಣ್ಣುಮುಚ್ಚಿ ಮಲಗಿದ್ದಾನೆ. ಅಕ್ಕ ಹೊದಿಕೆ ಸರಿಮಾಡಿ ಹೊರಗಿನ ಬೆಂಚಿಗೆ ಬಂದು ಕೂರುತ್ತಾರೆ. ಏನಾದರೂ ಆಸೆ ಇದೆಯೇ ಎಂದರೆ ಮುಂದಿನ ಸಮೀಕ್ಷೆಯ ಮಾತು ತೆಗೆಯುತ್ತಾರೆ.

"ಮುಂದಿನ ಸಮೀಕ್ಷೆ ಇನ್ನು ನಾಲ್ಕು ವರ್ಷಕ್ಕೆ. ಬದುಕಿರೋರ್ನ ಮಾತ್ರ ಬರ್ಕೊಳ್ತಾರೆ; ಸತ್ತೋರು ಯಾವ ಚೌಕಕ್ಕೂ ಬರಲ್ಲ. ಅವ್ನಿಗೆ ವಾಸಿ ಆಗ್ಲಿ ಅಂತ ಕೇಳ್ಕೊಳ್ಳೋದು ಬಿಟ್ಬಿಟ್ಟಿದ್ದೀನಿ. ಅಲ್ಲೀವರೆಗೂ ಹೀಗೇ ಕಾಯಿಲೆ ಬಿದ್ದಾದ್ರೂ ಇರ್ಲಿ."