ಜವರಣ್ಣ ಮತ್ತು ಹುಳುಮನೆಯ ಬ್ಯಾಂಡು

ಜವರಣ್ಣನ ಗಿಟಾರಿನ ತಂತಿಗಳಿಗೆ ಸದಾ ಹಸಿರು ಮೆತ್ತಿಕೊಂಡಿರುತ್ತಿತ್ತು. ಬೆಳಗೆಲ್ಲ ಹಿಪ್ಪುನೇರಳೆ ಸೊಪ್ಪು ಕೊಯ್ದ ಬೆರಳುಗಳನ್ನು ಎಷ್ಟು ತಿಕ್ಕಿದರೂ ಕಲೆ ಹೋಗುತ್ತಿರಲಿಲ್ಲ. ಬೈರಾಪಟ್ಟಣದಲ್ಲಿ ರೇಷ್ಮೆ ಹುಳು ಸಾಕಿಕೊಂಡು ಬ್ಲೂಸ್ ಸಂಗೀತ ನುಡಿಸುತ್ತಿದ್ದವನು ಅವನೊಬ್ಬನೇ. ನಮ್ಮ ರಾಕ್ ಬ್ಯಾಂಡಿಗೆ ಈಗ ಇಪ್ಪತ್ತೆರಡು ವರ್ಷ, ಕಟ್ಟಿದವನು ಅವನು.

ರೇಷ್ಮೆಯ ಒಂದು ಬೆಳೆ ಮುಗಿದು ಇನ್ನೊಂದು ಶುರುವಾಗುವ ತನಕ ಅವನ ಹುಳುಮನೆ ಖಾಲಿ. ಆ ಕೆಲವು ದಿನಗಳೇ ನಮ್ಮ ಪ್ರಾಕ್ಟೀಸು. ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ನಾನು ಡ್ರಮ್ಸ್ ಬಾರಿಸಲು ಬರುತ್ತಿದ್ದೆ. ಅವನ ತಮ್ಮ ಪುಟ್ಟಸ್ವಾಮಿಯದು ಬೇಸ್ ಗಿಟಾರ್. ನನ್ನ ಕೈಗೆ ಯಾವಾಗಲೂ ಅವಸರ. "ಯಾಕ್ಲಾ ಓಡ್ತೀಯ? ಎಳೇ ಹುಳುಗೆ ಸೊಪ್ಪಾಕ್ದಂಗೆ ಒಸಿ ಒಸಿಯಾಗಿ ಬಾರ್ಸು" ಎನ್ನುತ್ತಿದ್ದ ಜವರಣ್ಣ. ಆಮೇಲೆ ಒಂದೇ ತಂತಿಯನ್ನು ಎಳೆದು ಬಗ್ಗಿಸಿ, ಅದು ಅಳುವವರೆಗೂ ಬಿಡುತ್ತಿರಲಿಲ್ಲ.

ಹೊಗೆ ತಟ್ಟೆಗೆ ಹತ್ತಿದರೂ ಹುಳುವಿಗೆ ವಿಷವೆಂದು ಅವನು ಹುಳುಮನೆಯೊಳಗೆ ಬೀಡಿ ಇರಲಿ, ಊದುಬತ್ತಿಯನ್ನೂ ಹಚ್ಚಗೊಡುತ್ತಿರಲಿಲ್ಲ. ಒಂದು ಸಂಜೆ ಎಲ್ಲರೂ ಟೀಗೆ ಹೋದಾಗ ಸೊಳ್ಳೆ ಕಾಟ ತಾಳಲಾರದೆ ನಾನು ಖಾಲಿ ಹುಳು ತಟ್ಟೆಗಳ ಕೆಳಗೆ ನಾಲ್ಕು ಸೊಳ್ಳೆ ಬತ್ತಿ ಹಚ್ಚಿದೆ. ಅವರು ಬರುವಷ್ಟರಲ್ಲಿ ಆರಿಸಿ, ಬೂದಿಯನ್ನು ಕಾಲಲ್ಲಿ ಒರೆಸಿಬಿಟ್ಟೆ. ಎರಡು ದಿನದ ಮೇಲೆ ಅದೇ ತಟ್ಟೆಗಳಿಗೆ ಹೊಸ ಹುಳು ಬಿಟ್ಟರು. ವಾರದೊಳಗೆ ಎಲ್ಲವೂ ಹಸಿರು ಕಕ್ಕಿ, ಸುರುಟಿಕೊಂಡು ಸತ್ತವು.

ಪಕ್ಕದ ಟೊಮೆಟೊ ತೋಟಕ್ಕೆ ಪುಟ್ಟಸ್ವಾಮಿ ಹೊಡೆದ ಔಷಧಿ ಸೊಪ್ಪಿಗೆ ಬಿದ್ದಿದೆ ಎಂದು ಜವರಣ್ಣ ತೀರ್ಮಾನಿಸಿದ. ತಮ್ಮ ಆಣೆ ಮಾಡಿದ; ಅಣ್ಣ ಕೇಳಲಿಲ್ಲ. "ಇವ್ನಿರೋ ಬ್ಯಾಂಡ್ ನಂಗ್ ಬ್ಯಾಡ" ಎಂದು ಗಿಟಾರು ಕೆಳಗಿಟ್ಟ. ನೊಂದುಕೊಂಡು ಪುಟ್ಟಸ್ವಾಮಿಯೂ ಬಿಟ್ಟ. ನಾನು ಅಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಹೊಸಬರನ್ನು ಸೇರಿಸಿಕೊಂಡೆ, ಬ್ಯಾಂಡಿಗೆ ಹೆಸರು ಬಂತು. ಜವರಣ್ಣ ಯಾಕೆ ಬಿಟ್ಟ ಎಂದು ಯಾರಾದರೂ ಕೇಳಿದರೆ, ಬೇಸಾಯದ ಕೆಲಸ ಜಾಸ್ತಿಯಾಯಿತು ಎನ್ನುತ್ತಿದ್ದೆ. ಹೇಳುವಾಗ ನಾಚಿಕೆಯಾಗುತ್ತಿತ್ತು, ಆದರೂ ಹೇಳುತ್ತಿದ್ದೆ.

ನಿಜ ಹೇಳಿಬಿಡೋಣವೆಂದು ಮೂರು ಸಲ ಹೊರಟೆ. ಮೂರು ಸಲವೂ ದಾರಿಯಲ್ಲಿ ಸಿಗುವ ಕೆಂಗಲ್‌ನಲ್ಲಿ ಆಂಜನೇಯನಿಗೆ ಕೈಮುಗಿದು, ಬೈಕ್ ತಿರುಗಿಸಿಕೊಂಡು ಮನೆಗೆ ಬಂದೆ. ಅಷ್ಟು ಧೈರ್ಯವಂತ ನಾನು.

ಹೋದ ತಿಂಗಳು ಜವರಣ್ಣ ತೀರಿಕೊಂಡ. ಹನ್ನೊಂದು ವರ್ಷ ಮಾತು ಬಿಟ್ಟಿದ್ದ ಅಣ್ಣನ ಮಣ್ಣಿಗೆ ಬಂದ ಪುಟ್ಟಸ್ವಾಮಿ ಜನರಿಂದ ದೂರ ಬೇಲಿಯ ಹತ್ತಿರ ನಿಂತಿದ್ದ. ನಾನು ಹೋಗಿ ಪಕ್ಕದಲ್ಲಿ ನಿಂತೆ.

"ಆಸ್ಪತ್ರೇಲೂ ನನ್ ಕೈಲಿ ನೀರ್ ಕುಡೀಲಿಲ್ಲ. ಆವತ್ತು ನಾನು ಔಸ್ದಿ ಹೊಡ್ದೇ ಇರ್ಲಿಲ್ಲ ಕಣಣ್ಣ" ಎಂದ.

"ಗೊತ್ತು" ಎಂದುಬಿಟ್ಟೆ.

ಪುಟ್ಟಸ್ವಾಮಿ ನನ್ನ ಕಡೆ ತಿರುಗಿದ. "ನಿಂಗೆಂಗ್ ಗೊತ್ತು?"