ತುದಿಕೊಂಬೆಯ ಹಣ್ಣು

ಪಬಿಸರಾ ಪರದೇಶದ ಸಾನ್‌ಚೊಂಗ್ ಊರಿಗೆ ಬಂದದ್ದು ಸ್ಟ್ರಾಬೆರಿ ತೋಟದ ಕೆಲಸಕ್ಕೆ. ಗಂಡ, ಹತ್ತು ವರ್ಷದ ಮಗಳು ನೇಪಾಳದ ಪಾಲ್ಪಾದಲ್ಲೇ ಇದ್ದರು. ಮೊದಲ ಚಳಿಗಾಲವನ್ನು ಅವಳು ತೋಟದ ಪಕ್ಕದ ತಗಡಿನ ಕೋಣೆಯಲ್ಲಿ ಕಳೆದಳು. ಬೆಳಿಗ್ಗೆ ಎದ್ದರೆ ಬಾಟಲಿಯ ನೀರು ಕಲ್ಲಾಗಿರುತ್ತಿತ್ತು. ಪ್ಲಾಸ್ಟಿಕ್ ಹೊದಿಕೆಯ ಒಳಗಿದ್ದ ಸ್ಟ್ರಾಬೆರಿ ಗಿಡಗಳು ಅವಳಿಗಿಂತ ಬೆಚ್ಚಗಿದ್ದವು. ಹಾಗಾಗಿ ಎರಡನೆಯ ವರ್ಷ ಅದೇ ಊರಿನ ಮಾಲ್ಸುನ್ ಅಜ್ಜಿ ತನ್ನ ಮನೆಯ ಹಿಂಬದಿಯ ಕೋಣೆ ಕೊಡಲು ಒಪ್ಪಿದಾಗ, ಅಡಿಯಿಂದ ಬಿಸಿಯೇರುವ ಆ ನೆಲಕ್ಕೆ ಅಂಗೈ ಊರಿ ಅವಳು ಬಹಳ ಹೊತ್ತು ಕೂತಿದ್ದಳು.

ಅಜ್ಜಿ ಮೊದಲೇ ಹೇಳಿದ್ದಳು: "ಹಣ್ಣು ಇಳಿಸೋವರೆಗೆ ಇರು. ಆಮೇಲೆ ನೋಡೋಣ. ನನಗೆ ಯಾರ ಜೊತೆಗೂ ಬೇಗ ಹೊಂದಲ್ಲ. ಬೇಕಾದ್ರೆ ಸತ್ತ ನನ್ನ ಗಂಡನ್ನೇ ಕೇಳು."

ಅಂಗಳದಲ್ಲಿ ಪರ್ಸಿಮನ್ ಮರವಿತ್ತು. ನವೆಂಬರ್ ಹೊತ್ತಿಗೆ ಎಲೆಯೆಲ್ಲ ಉದುರಿ, ಬರಿಯ ಕೊಂಬೆಗಳಲ್ಲಿ ಕಿತ್ತಳೆ ಬಣ್ಣದ ಹಣ್ಣುಗಳಷ್ಟೇ ಉಳಿದವು. ಅಜ್ಜಿಯ ಮಂಡಿ ಏಣಿ ಹತ್ತುವಂತಿರಲಿಲ್ಲ. ಒಂದು ಭಾನುವಾರ ಅವಳು ಬಸ್ಸು ಹತ್ತಿ ಬುದ್ಧನ ಗುಡಿಗೆ ಹೋದದ್ದೇ ತಡ, ಪಬಿಸರಾ ಏಣಿ ಇಟ್ಟಳು. ಒಣಗಿಸಲು ದಾರ ಕಟ್ಟಬೇಕಲ್ಲ, ಪ್ರತಿ ಹಣ್ಣಿಗೂ ತುಂಡು ಕಡ್ಡಿ ಬಿಟ್ಟು ಕತ್ತರಿಸಿದಳು. ಮೊಣಕೈ ತರಚಿದರೂ ಬಿಡದೆ ತುತ್ತತುದಿಯ ಹಣ್ಣುಗಳನ್ನೂ ಇಳಿಸಿದಳು. ಇಷ್ಟು ಚೊಕ್ಕ ಕೆಲಸ ನೋಡಿದ ಮೇಲೆ ಅಜ್ಜಿ ಹೋಗು ಅನ್ನುತ್ತಾಳೆಯೇ?

ಸಂಜೆ ಬಂದ ಅಜ್ಜಿ ತುಂಬಿದ ಬುಟ್ಟಿಗಳನ್ನು ನೋಡಲಿಲ್ಲ, ಮರವನ್ನು ನೋಡಿದಳು.

"ಮೇಲಿನವು ಎಲ್ಲಿ?"

"ಎಲ್ಲ ಇಳಿಸಿದೆ ಅಜ್ಜಿ. ಒಂದೂ ಬಿಟ್ಟಿಲ್ಲ."

ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿದಳು. ಹತ್ತಿರದ ಜಿಂಜು ಪಟ್ಟಣ ದಾಟಿದರೆ ಸಿಗುವ ಸಾಚೊನ್ ಊರಿನಿಂದ ಮದುವೆಯಾಗಿ ಬಂದವಳು. ನಲವತ್ತು ವರ್ಷವಾದರೂ ಊರಿನವರಿಗೆ ಅವಳು 'ಸಾಚೊನ್‌ನವಳೇ'. ಇಲ್ಲಿ ಬಂದು ನೆಲೆಸಿದ ಹೆಂಗಸರಿಗೆಲ್ಲ ತವರೂರೇ ಹೆಸರು.

"ಅಯ್ಯೋ ಅಕ್ಕಾ, ಮರದ ತಲೆ ಬೋಳಿಸಿಬಿಟ್ಟಿದ್ದಾಳಲ್ಲೇ! ಈ ಸಲ ಕಾಚಿಗಳೆಲ್ಲ ನಮ್ಮನೆಗೇ ಊಟಕ್ಕೆ ಬರ್ತವೆ ಬಿಡು."

ಕಾಚಿ ಅಂದರೆ ಕಾಗೆಯ ಬಳಗದ, ಬಿಳಿ ಹೊಟ್ಟೆಯ ಹಕ್ಕಿ. ತುದಿಯ ನಾಲ್ಕಾರು ಹಣ್ಣು ಚಳಿಗಾಲಕ್ಕೆ ಅವುಗಳ ಪಾಲು. ಇದನ್ನು ಪಬಿಸರಾಗೆ ಯಾರೂ ಹೇಳಿರಲಿಲ್ಲ. ಗೊತ್ತಿಲ್ಲದವರೂ ಇರಬಹುದೆಂದು ಆ ಊರಿನಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಅಜ್ಜಿ ಬೈಯಲಿಲ್ಲ. "ನಾವು ಹಸಿದಿದ್ದ ವರ್ಷಗಳಲ್ಲೂ ಈ ಮರ ಬರಿದಾಗಿರಲಿಲ್ಲ" ಎಂದಷ್ಟೇ ಹೇಳಿ ಒಳಗೆ ಹೋದಳು.

ಮುಂದಿನ ಎರಡು ದಿನ ಸಂಜೆ ಇಬ್ಬರೂ ಕೂತು ಹಣ್ಣಿನ ಸಿಪ್ಪೆ ತೆಗೆದರು, ದಾರಕ್ಕೆ ಕಟ್ಟಿ ಸೂರಿಗೆ ತೂಗುಹಾಕಿದರು. ಅಜ್ಜಿ ಇರಲು ಹೇಳಿದ್ದು ಹಣ್ಣು ಇಳಿಸುವವರೆಗೆ ತಾನೇ. ಪಬಿಸರಾ ತನ್ನ ಬಟ್ಟೆಗಳನ್ನು ಮಡಚಿ ಚೀಲಕ್ಕೆ ತುಂಬಿದಳು.

ಮೂರನೆಯ ದಿನ ನೇಪಾಳದಲ್ಲಿ ಕಾಗೆ ಹಬ್ಬ. ಹಕ್ಕಿಗಳ ಪಾಲು ಕಿತ್ತವಳು ಯಾವ ಮುಖ ಇಟ್ಟುಕೊಂಡು ಅವುಗಳಿಗೆ ಬಡಿಸುವುದು ಅಂದುಕೊಂಡಳು. ಆದರೂ ಮನಸ್ಸು ತಡೆಯಲಿಲ್ಲ. ಬೆಳಕು ಹರಿಯುತ್ತಲೇ ಅನ್ನ ಮಾಡಿ, ತಟ್ಟೆಯಲ್ಲಿ ಗೋಡೆಯ ಮೇಲಿಟ್ಟು ಕೈಮುಗಿದಳು.

"ಏನೇ ಅದು, ಅನ್ನ ಗೋಡೆ ಮೇಲೆ?" ಬೆನ್ನ ಹಿಂದೆ ಅಜ್ಜಿ.

"ಕಾಗೆಗೆ, ಅಜ್ಜಿ. ಇವತ್ತು ಅವು ಉಣ್ಣದೆ ನಾವು ಉಣ್ಣಲ್ಲ."

"ಕರೀ ಕಾಗೆಗಾ? ಥೂ, ಅಪಶಕುನದ್ದು! ಕಾಚಿ ಕೂಗಿದ್ರೆ ತಾನೇ ಒಳ್ಳೇದು?"

"ನಮ್ಮೂರಲ್ಲಿ ಸುದ್ದಿ ತರೋದು ಕಾಗೇನೇ." ಪಬಿಸರಾಳ ದನಿ ತಗ್ಗಿತು. "ಆ ಹಣ್ಣು ಹಕ್ಕಿಗೆ ಅಂತ ಗೊತ್ತಿದ್ರೆ ನಾನು ಮುಟ್ತಿರ್ಲಿಲ್ಲ, ಅಜ್ಜಿ."

ಅಜ್ಜಿ ಹಬೆಯಾಡುತ್ತಿದ್ದ ಅನ್ನವನ್ನೇ ನೋಡಿದಳು. "ನೀನು ಇನ್ನೂ ಉಂಡಿಲ್ವಾ?"

"ಇಲ್ಲ."

ಜಗಲಿಯ ಮೇಲೆ ಇಬ್ಬರೂ ಕಾದರು. ಕಾಗೆ ಬರಲಿಲ್ಲ. ಕೊನೆಗೆ ಬಾಲ ಕುಣಿಸುತ್ತ ಬಂದು ತಟ್ಟೆಗೆ ಬಾಯಿ ಹಾಕಿದ್ದು ಒಂದು ಕಾಚಿ.

"ನೋಡು, ನೋಡು! ನಿನ್ನ ಕಾಗೆ ಊಟ ನಮ್ಮ ಕಾಚಿ ಹೊಡೀತು!" ಅಜ್ಜಿ ಮಂಡಿ ಹಿಡಿದುಕೊಂಡು ನಕ್ಕಳು. "ಈಗ ಉಣ್ಣು. ಉಂಡು ಏಣಿ ತಾ."

ಬುಟ್ಟಿಯಲ್ಲಿ ಸಿಪ್ಪೆ ತೆಗೆಯದ ಹಣ್ಣು ಇನ್ನೂ ಇದ್ದವು. ಪಬಿಸರಾ ಮೇಲೆ ಹತ್ತಿ ಒಂದೊಂದನ್ನೇ ದಾರದಿಂದ ಕೊಂಬೆಗೆ ಕಟ್ಟಿದಳು. ಅಜ್ಜಿ ಕೆಳಗೆ ಏಣಿ ಹಿಡಿದು ಗದರುತ್ತಿದ್ದಳು: "ಅದು ಬೇಡ, ಸಣ್ಣದು. ಹಕ್ಕಿಗೆ ಕೊಡೋದಕ್ಕೂ ಜುಗ್ಗತನವಾ?"

ಗೋಡೆಯಾಚೆ ತಲೆ ಎದ್ದಿತು. "ಮರಕ್ಕೆ ಹಣ್ಣು ಕಟ್ತಿದ್ದೀರಾ? ಇಬ್ಬರಿಗೂ ತಲೆ ನೆಟ್ಟಗಿದೆ ತಾನೇ?"

"ನನ್ನ ತಲೆ ಬಿಡು, ಸಾಚೊನ್‌ನವಳೇ. ಚಳಿಗಾಲಕ್ಕೆ ಹಾಕೋ ಕಿಮ್ಚಿ ಉಪ್ಪಿನಕಾಯಿಗೆ ನನಗೆ ಎಷ್ಟು ಕೋಸು ತರಿಸೋಕೆ ಹೇಳಿದ್ದೀಯ?"

"ಎಂದಿನ ಹಾಗೆ ಮೂವತ್ತು."

"ನಲವತ್ತು ಮಾಡು. ಪಾಲ್ಪಾದವಳೂ ಇರ್ತಾಳೆ."

ಏಣಿಯ ಮೇಲೆ ಪಬಿಸರಾ ಕೊಂಬೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಪಾಲ್ಪಾನಾ? ಅದೆಲ್ಲಿ ಬರುತ್ತೆ ಅಕ್ಕಾ, ಜಿಂಜು ದಾಟಿಯಾ?"

"ಜಿಂಜು ದಾಟಿ" ಎಂದಳು ಅಜ್ಜಿ, "ಸ್ವಲ್ಪ ಮೇಲಕ್ಕೆ."