ಮೂರು ರೊಟ್ಟಿಯ ಲೆಕ್ಕ

ಸೋಲಾಪುರದ ಆಸ್ಪತ್ರೆಯೊಂದರಲ್ಲಿ ನರ್ಸಿಂಗ್ ಕಲಿಯಲು ಸೇರಿ ನನಗಿನ್ನೂ ವರ್ಷ ತುಂಬಿಲ್ಲ. ಬೆಳಿಗ್ಗೆ ವಾರ್ಡಿನ ನೆಲ ಒರೆಸುವಾಗ ಹೈಪೋಕ್ಲೋರೈಟಿನ ಘಾಟು ಏಳುತ್ತದೆ. ಜೊತೆಯ ಹುಡುಗಿಯರು ಮೂಗಿಗೆ ಓಢಣಿ ಹಿಡಿಯುತ್ತಾರೆ. ನನಗೆ ಮಾತ್ರ ಅದು ಶಾಲೆಯ ವಾಸನೆ. ನಾಗಣಸೂರ ದಾಟಿದ ಮೇಲೆ ಸಿಗುವ ನಮ್ಮೂರಿನ, ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯ ವಾಸನೆ. ಬೇರೆಯವರಿಗೆ ಶಾಲೆ ಎಂದರೆ ಹೊಸ ಪುಸ್ತಕದ ವಾಸನೆ, ಮಧ್ಯಾಹ್ನ ಬೇಯುವ ಖಿಚಡಿಯ ವಾಸನೆ. ನನ್ನ ಪಾಲಿಗೂ ಅವು ಇದ್ದವು. ಕೊರೋನಾ ಬಂದ ವರ್ಷ ಅವೆಲ್ಲದರ ಮೇಲೆ ಪಂಚಾಯತಿಯ ಆಳು ಈ ನೀರು ಹೊಡೆದುಬಿಟ್ಟ. ತೊಗರಿಗೆ ಔಷಧ ಹೊಡೆಯುವ ಪಂಪನ್ನೇ ಬೆನ್ನಿಗೆ ಕಟ್ಟಿಕೊಂಡಿದ್ದ.

ಆಗ ನಮ್ಮದು ಮಣ್ಣಿನ ಮಾಳಿಗೆಯ ಮನೆ. ಬಾಗಿಲ ಬಲಕ್ಕೆ ದನದ ಗೋದಲಿ, ಎಡಕ್ಕೆ ಆಯಿಯ ಒಲೆ. ಆಯಿ ಎಂದರೆ ಅಪ್ಪನ ತಾಯಿ. ಆಕೆ ರೊಟ್ಟಿ ಬಡಿಯುವ ಸದ್ದಿಗೇ ನಾವು ಏಳುತ್ತಿದ್ದೆವು. ಮನೆಯಲ್ಲಿ ತನ್ನ ಮಾತು ನಡೆಯುತ್ತದೆ ಎಂದು ಅಪ್ಪ ತಿಳಿದಿದ್ದ. ನಡೆಯುತ್ತಿದ್ದದ್ದು ಆಯಿಯ ಮಾತು. ಆಕೆಯ ಕಾನೂನುಗಳಲ್ಲಿ ಒಂದು ಬಹಳ ಕಟ್ಟುನಿಟ್ಟು: ಯಾರದೇ ಮನೆಯಿಂದ ಬಂದ ಡಬ್ಬಿಯನ್ನು ಖಾಲಿ ಮರಳಿಸಬಾರದು. ಕೊಡಲು ಏನೂ ಇಲ್ಲದಿದ್ದರೆ ಒಂದು ಚೂರು ಬೆಲ್ಲ, ನಾಲ್ಕು ಶೇಂಗಾ, ಅದೂ ಇಲ್ಲದಿದ್ದರೆ ಬೇವಿನ ಎಸಳಾದರೂ ಇರಬೇಕು. ಈ ಪಾಠ ಅಪ್ಪನಿಗಿಂತ ಚೆನ್ನಾಗಿ ಹತ್ತಿದ್ದು ಅಪ್ಪನ ತಮ್ಮನಿಗೆ, ನಮ್ಮ ಕಾಕಾನಿಗೆ. ಪುಣೆಯ ಕಾರ್ಖಾನೆಯೊಂದರಲ್ಲಿ ಮಶೀನು ನಡೆಸುತ್ತಿದ್ದ ಕಾಕಾ, ಊರಿಗೆ ಬಂದು ಹೋಗುವಾಗ ಒಯ್ದ ಚಟ್ನಿಯ ಡಬ್ಬಿಯನ್ನು ಮುಂದಿನ ಸಲ ಪೇಢೆ ತುಂಬಿಕೊಂಡೇ ತರುತ್ತಿದ್ದ.

ಆ ವರ್ಷ ಪರೀಕ್ಷೆಯಿಲ್ಲದೆ ನಾವೆಲ್ಲ ಪಾಸಾದೆವು. ನಾನು ಏಳನೆಯ ಇಯತ್ತೆಗೆ ಬಂದೆ, ಆದರೆ ಶಾಲೆ ತೆರೆಯಲಿಲ್ಲ. ತಾಲೂಕಿನಿಂದ ಮರಾಠಿಯಲ್ಲಿ ಬಂದ ಆದೇಶವನ್ನು ಗ್ರಾಮಸೇವಕರು ಓದಿದರು, ನಮ್ಮ ಗುರುಜಿ ಕನ್ನಡದಲ್ಲಿ ಹೇಳಿದರು: ಹೊರಗಿನಿಂದ ಬಂದವರು ಹದಿನಾಲ್ಕು ದಿನ ಶಾಲೆಯಲ್ಲೇ ಇರಬೇಕು, ಮನೆಯವರು ಬುತ್ತಿ ತಂದು ಕಂಪೌಂಡಿನ ಮೇಲಿಟ್ಟು ಹಿಂದೆ ಸರಿಯಬೇಕು. ಜೂನಿನಲ್ಲಿ, ಮಿರಗದ ಮಳೆ ಬಿದ್ದ ವಾರದಲ್ಲಿ ಕಾಕಾ ಸಿಮೆಂಟಿನ ಲಾರಿ ಹತ್ತಿ ಬಂದ. ಅವನ ಕೈಗೆ ಮಸಿಯ ಶಿಕ್ಕಾ ಹೊಡೆದು ನನ್ನದೇ ವರ್ಗದ ಕೋಣೆಯಲ್ಲಿ ಹಾಕಿದರು. ಬೇರೆ ಕೋಣೆಯಲ್ಲಿ ಮುಂಬಯಿಯಿಂದ ಬಂದ ಒಂದು ಕುಟುಂಬವಿತ್ತು. ಆಯಿ ಆ ದಿನದಿಂದಲೇ ಗೋಡೆಗೆ ಇದ್ದಲಿಯಿಂದ ಗೆರೆ ಎಳೆಯತೊಡಗಿದಳು. ಹದಿನಾಲ್ಕು ಗೆರೆ ಆದ ದಿನ ಹೊಸ್ತಿಲಲ್ಲಿ ನಿಲ್ಲಿಸಿ, ರೊಟ್ಟಿ ತುಂಡು ನಿವಾಳಿಸಿ ಒಗೆದು, ಕಾಲಿಗೆ ನೀರು ಹಾಕಿ ಮಗನನ್ನು ಒಳಗೆ ಕರೆದುಕೊಳ್ಳಬೇಕು, ಅಷ್ಟೇ ಆಕೆಯ ಆಸೆ.

ಬಿತ್ತನೆಯ ಗಡಿಬಿಡಿ ಇದ್ದುದರಿಂದ ಬುತ್ತಿ ಒಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಮೂರು ರೊಟ್ಟಿ, ಪಲ್ಯ, ಶೇಂಗಾ ಹಿಂಡಿ. ಮೊದಲ ದಿನ ತೊಳೆದ ಡಬ್ಬಿಯಲ್ಲಿ ಬೇವಿನ ಎಸಳಿತ್ತು. ಎರಡನೆಯ ದಿನ ಸೀಮೆಸುಣ್ಣದ ಚೂರು. ಒಳಗಿನದು ಹೊರಗೆ ಬರಬಾರದು ಎಂದು ಆಶಾ ಕಾರ್ಯಕರ್ತೆ ಸುರೇಖಾಬಾಯಿ ಎಚ್ಚರಿಸಿದ್ದರು. ಹಾಗಾಗಿ ಬಂದದ್ದನ್ನು ಅಲ್ಲೇ ಬಿಟ್ಟು, ಡಬ್ಬಿಯನ್ನು ಬಿಸಿಲಿಗಿಟ್ಟು, ಸಾಬೂನಿನಿಂದ ತೊಳೆದು ಮನೆಗೆ ತರುತ್ತಿದ್ದೆ. ಆಯಿ ಕೇಳುತ್ತಿದ್ದದ್ದು ಒಂದೇ, ಡಬ್ಬಿಯಲ್ಲಿ ಏನಾದರೂ ಇತ್ತೇ ಎಂದು. ಇತ್ತು ಎಂದರೆ ಆಕೆಗೆ ಸಮಾಧಾನ.

ಮೂರನೆಯ ದಿನ ನಾನು ಗೋಡೆಯ ಈಚೆ ನಿಂತು ಗೋಳು ತೋಡಿಕೊಂಡೆ. ಪಾಠಗಳು ಅಪ್ಪನ ಫೋನಿಗೆ ಬರುತ್ತಿದ್ದವು. ಫೋನು ಅಪ್ಪನ ಜೊತೆ ಹೊಲಕ್ಕೆ ಹೋಗುತ್ತಿತ್ತು, ಮನೆಯಲ್ಲಿದ್ದಾಗಲೂ ಪಾಠ ಮರಾಠಿಯಲ್ಲಿರುತ್ತಿತ್ತು. ಕಾಲು, ಅರ್ಧ, ಮುಕ್ಕಾಲಿನ ಅಪೂರ್ಣಾಂಕ ಅಂತೂ ನನಗೆ ಯಾವ ಭಾಷೆಯಲ್ಲೂ ತಲೆಗೆ ಹೋಗಿರಲಿಲ್ಲ. ಕಾಕಾ ನಕ್ಕು ವರ್ಗದ ಕಪ್ಪು ಫಳಿಯನ್ನು ಕಿಟಕಿಯ ಕಡೆ ತಿರುಗಿಸಿ ಅದರ ಮೇಲೆ ದೊಡ್ಡದಾಗಿ ಮೂರು ಎಂದು ಬರೆದ. ಅವನು ಉಂಡು ಕಂಪೌಂಡಿನ ಮೇಲೆ ಮರಳಿ ಇಟ್ಟ ಡಬ್ಬಿ ತೆಗೆದು ನೋಡಿದರೆ ಒಳಗೆ ರೊಟ್ಟಿಯ ಕಾಲು ಭಾಗ, ಚೂರಿಯಲ್ಲಿ ಕೊರೆದಷ್ಟು ನೇರವಾಗಿ ಹರಿದದ್ದು.

“ನಾ ಎಷ್ಟ ಉಂಡೀನಿ, ಎಷ್ಟ ಉಳದದ, ಬರಿ,” ಎಂದ. “ಉತ್ತರ ಆಯಿಗಿ ಹೇಳಬ್ಯಾಡ. ಇದು ನಮ್ಮಿಬ್ಬರ ಲೆಕ್ಕ.”

ನಾನು ಕೈಲಿದ್ದ ಗಣಿತದ ವಹಿಯಲ್ಲಿ ಬರೆದೆ. ಎರಡು ಮುಕ್ಕಾಲು ಉಂಡದ್ದು, ಕಾಲು ಉಳಿದದ್ದು. ಗುರುಜಿ ಒಂದು ವರ್ಷದಲ್ಲಿ ಮಾಡಲಾಗದ್ದನ್ನು ಕಾಕಾ ಒಂದು ರೊಟ್ಟಿಯಲ್ಲಿ ಮಾಡಿದ್ದ. ಉಳಿದ ತುಂಡನ್ನು ಬೇವಿನ ಕೆಳಗಿನ ನಾಯಿಗೆ ಹಾಕಿ, ಉತ್ತರ ಸರಿಯಾಗಿದೆಯೆಂದು ಅವನು ಕೈ ಎತ್ತಿದ ಮೇಲೆ ಓಡುತ್ತ ಮನೆಗೆ ಬಂದೆ. ಐದನೆಯ ದಿನ ಅರ್ಧ ಉಳಿದಿತ್ತು. ಏಳನೆಯ ದಿನ ಒಂದೂವರೆ. ಲೆಕ್ಕ ದಿನೇದಿನೇ ಕಠಿಣವಾಗುತ್ತಿದೆ, ನಾನು ಜಾಣೆಯಾಗುತ್ತಿದ್ದೇನೆ ಎಂದುಕೊಂಡೆ. ಎಂಟನೆಯ ದಿನ ಅವನು ಫಳಿಯ ಹತ್ತಿರ ನಿಂತು ಬರೆಯುವ ಬದಲು ಬೆಂಚಿನ ಮೇಲೆ ಕೂತೇ ಕೇಳಿದ. ಬೆಂಚು ನನ್ನದೇ ಆಗಿದ್ದರಿಂದ ನನಗೆ ಅದೂ ಖುಷಿಯೇ.

ಸುರೇಖಾಬಾಯಿಯನ್ನು ದೂರುವಂತಿಲ್ಲ. ಇದ್ದ ಒಂದು ಜೊತೆ ಕೈಗವಸನ್ನು ತೊಳೆದು ತಂತಿಯ ಮೇಲೆ ಒಣಗಿಸಿ ಮತ್ತೆ ಹಾಕಿಕೊಂಡು ಆಕೆ ದಿನಾ ಬರುತ್ತಿದ್ದರು. ಹಣೆಗೆ ಹಿಡಿಯುವ ಯಂತ್ರದಲ್ಲಿ ಜ್ವರ ಕಾಣಲಿಲ್ಲ. ಮೈಯ ಆಮ್ಲಜನಕ ನೋಡಲು ಬೆರಳಿಗೆ ಹಾಕುವ ಯಂತ್ರ ಹಲವು ಊರಿಗೆ ಸೇರಿ ಒಂದೇ ಇತ್ತು. ಒಂಬತ್ತನೆಯ ದಿನ ರಜಿಸ್ಟರು ತೆರೆದು, ಒಳಗಿನವರು ಸುಳ್ಳು ಹೇಳುತ್ತಾರೆಂಬ ಅನುಮಾನದಿಂದಲೋ ಏನೋ, ಗೋಡೆಯ ಈಚೆ ನಿಂತಿದ್ದ ನನ್ನನ್ನೇ ಕೇಳಿದರು: “ನಿಮ್ಮ ಕಾಕಾ ಊಟಾ ಬರೋಬ್ಬರಿ ಮಾಡಾಕತ್ತಾನಿಲ್ಲವಾ?”

“ಮಾಡ್ತಾನ್ರಿ,” ಎಂದೆ.

ಸುಳ್ಳು ಹೇಳಿದೆ ಎಂದು ನನಗೆ ಆಗ ಅನ್ನಿಸಲೇ ಇಲ್ಲ. ಉಳಿದದ್ದು ನನ್ನ ಲೆಕ್ಕಕ್ಕಾಗಿ ಉಳಿಸಿದ್ದು ಎಂದೇ ನಂಬಿದ್ದೆ. ಕಾಕಾ ಒಳಗಿನಿಂದ ಕೇಳಿಸಿಕೊಂಡ, ಆ ಉತ್ತರವನ್ನು ತಿದ್ದಲಿಲ್ಲ. ರೋಗ ಇದೆ ಎಂದರೆ ಸೋಲಾಪುರಕ್ಕೆ ಒಯ್ಯುತ್ತಾರೆ, ಒಯ್ದವರು ಬರುವುದಿಲ್ಲ ಎಂಬ ಮಾತು ಊರ ತುಂಬ ಇತ್ತು. ಅವನಿಗಿದ್ದದ್ದು ಇನ್ನು ಐದೇ ಗೆರೆ. ಹೇಗಾದರೂ ಅಷ್ಟು ದಿನ ತಳ್ಳಿಬಿಟ್ಟರೆ ಮನೆ ಎಂದುಕೊಂಡಿರಬೇಕು. ಮರುದಿನ ಡಬ್ಬಿಯಲ್ಲಿ ಎರಡು ಮುಕ್ಕಾಲು ಇತ್ತು. ಉಂಡದ್ದು ಕಾಲು ಎಂದು ನಾನು ಕೂಗಿ ಹೇಳಿದೆ. ಅವನು ಕೈ ಎತ್ತಿದ.

ಹನ್ನೊಂದನೆಯ ದಿನ ಬೆರಳಿನ ಯಂತ್ರ ನಮ್ಮೂರಿನ ಪಾಳಿಗೆ ಬಂತು. ಸುರೇಖಾಬಾಯಿ ಅದನ್ನು ಕಾಕಾನ ಒಂದು ಬೆರಳಿಗೆ ಹಾಕಿದರು, ಇನ್ನೊಂದಕ್ಕೆ ಹಾಕಿದರು, ಆಮೇಲೆ ತಮ್ಮ ಬೆರಳಿಗೇ ಹಾಕಿ ನೋಡಿದರು. ಯಂತ್ರ ಸರಿಯಾಗಿತ್ತು. ಅಕ್ಕಲಕೋಟದಿಂದ ಆಸ್ಪತ್ರೆಯ ಗಾಡಿ ಬಂತು. ಹತ್ತುವಾಗ ಕಾಕಾ ನನ್ನ ಕಡೆ ನೋಡಿ ಕಂಪೌಂಡಿನ ಮೇಲಿದ್ದ ಡಬ್ಬಿ ತೋರಿಸಿದ. ಗಾಡಿ ತಿರುವು ದಾಟಿದ ಮೇಲೆ ತೆರೆದೆ. ಮೂರು ರೊಟ್ಟಿ ಇದ್ದಂತೆಯೇ ಇದ್ದವು. ಹರಿದಿರಲಿಲ್ಲ, ಲೆಕ್ಕವೂ ಇರಲಿಲ್ಲ.

ಹದಿನಾಲ್ಕನೆಯ ಗೆರೆ ಬಿದ್ದ ದಿನ ಆಯಿ ಹೊಸ್ತಿಲಲ್ಲಿ ತಂಬಿಗೆ ನೀರು ಇಟ್ಟಿದ್ದಳು. ಸಂಜೆ ಅದನ್ನು ತುಳಸಿಗೆ ಹಾಕಿದಳು. ಅದರ ಮುಂದಿನ ವಾರ ಸೋಲಾಪುರದಿಂದ ಫೋನು ಬಂತು. ಮಣ್ಣು ಅಲ್ಲೇ ಆಯಿತು, ಅಪ್ಪನನ್ನು ದೂರ ನಿಲ್ಲಿಸಿದರು. ಶಾಲೆ ತೆರೆದಾಗ ನಮ್ಮ ಕೋಣೆಯ ಮೂಲೆಮೂಲೆಗೂ ಔಷಧ ಹೊಡೆದಿದ್ದರು. ಫಳಿಗೆ ಹೊಸ ಕಪ್ಪು ಬಣ್ಣ ಬಳಿದಿದ್ದರು. ಗುರುಜಿ ಅಪೂರ್ಣಾಂಕ ತೆಗೆದ ದಿನ ಎಲ್ಲ ಉತ್ತರ ನಾನೇ ಹೇಳಿದೆ. ಅವರು ಶಾಬಾಸ್ ಎಂದಾಗ ನಾನು ಅತ್ತುಬಿಟ್ಟೆ, ಯಾಕೆಂದು ಯಾರಿಗೂ ಹೇಳಲಿಲ್ಲ.

ಹೇಳಿದ್ದು ಬಹಳ ತಡವಾಗಿ, ಹನ್ನೆರಡನೆಯ ಪರೀಕ್ಷೆ ಮುಗಿದ ಮೇಲೆ. ಆಯಿ ಒಲೆಯ ಮುಂದೆ ಕೂತಿದ್ದಳು. ಹಳೆಯ ವಹಿ ತೆರೆದು, ದಿನಕ್ಕೊಂದರಂತೆ ಬರೆದ ಲೆಕ್ಕ ಓದಿ ಹೇಳಿದೆ. ನಾನು ಒಂದು ಮಾತು ಹೇಳಿದ್ದರೆ ಅವನನ್ನು ಎರಡು ದಿನ ಮೊದಲೇ ಒಯ್ಯುತ್ತಿದ್ದರು ಎಂದೂ ಹೇಳಿದೆ. ಆಕೆ ತವೆಯ ಮೇಲಿನ ರೊಟ್ಟಿ ತಿರುವಿ ಹಾಕುವುದನ್ನು ಮರೆತಳು.

“ಡಬ್ಬಿ ಖಾಲಿ ಕಳಸಬಾರದಂತ ಅವಗ ಕಲಿಸಿದಾಕಿ ನಾ,” ಎಂದಳು. “ನೀ ಲೆಕ್ಕಾ ಬರೋಬ್ಬರೀನ ಮಾಡೀದಿ, ನನ್ನವ್ವ. ನಾನ, ಡಬ್ಬ್ಯಾಗ ಇತ್ತೇನಂತ ಅಷ್ಟ ಕೇಳಿದ್ನಿ, ಏನ ಇತ್ತಂತ ಒಂದಿನಾ ಕೇಳಲಿಲ್ಲ.”

ಅದೇ ವರ್ಷ ಆಯಿ ತೀರಿಕೊಂಡಳು. ಮಾಳಿಗೆ ಸೋರುತ್ತದೆಂದು ಅಪ್ಪ ಮನೆ ಕೆಡವಿ ಸ್ಲ್ಯಾಬಿನ ಮನೆ ಕಟ್ಟಿಸಿದ. ಇದ್ದಲಿಯ ಗೆರೆಗಳಿದ್ದ ಗೋಡೆ ಈಗ ಹೊಲದ ದಾರಿಗೆ ಹಾಕಿದ ಮಣ್ಣು. ಡಬ್ಬಿ ಮಾತ್ರ ನನ್ನ ಹಾಸ್ಟೆಲಿನ ಟ್ರಂಕಿನಲ್ಲಿದೆ.

ನಮ್ಮ ವಾರ್ಡಿನಲ್ಲಿ ರೋಗಿಗಳು ಎಷ್ಟು ಉಂಡರು ಎಂದು ಬರೆಯುವ ಹಾಳೆಯಿದೆ. ಪೂರ್ತಿ, ಮುಕ್ಕಾಲು, ಅರ್ಧ, ಕಾಲು. ಮೊನ್ನೆ ದುಧನಿ ಕಡೆಯ ಅಜ್ಜಿಯೊಬ್ಬಳ ತಟ್ಟೆ ಹಾಗೇ ಇತ್ತು. ಮೊಮ್ಮಗನಿಗೆ ಇಟ್ಟಿದ್ದೇನೆ, ಆಮೇಲೆ ಬರುತ್ತಾನೆ ಎಂದು ಆಕೆ ನಕ್ಕಳು. ನಾನು ಹಾಳೆ, ಪೆನ್ನು ಅಲ್ಲೇ ಬಿಟ್ಟು ವಾರ್ಡಿನ ಆ ತುದಿಯವರೆಗೆ ಓಡಿದೆ. ಸಿಸ್ಟರು ಏನಾಯಿತು ಎಂದು ಗಾಬರಿಯಿಂದ ಎದ್ದರು. ಏದುಸಿರು ಬಿಡುತ್ತಲೇ ಹೇಳಿದೆ: “ಆಕಿ ಏನೂ ಉಂಡಿಲ್ರಿ.”